ನಾಳೆ ಬಾ ಎನ್ನುವ ಅಂಗಡಿ

"ಗುರುಗಳೇ, ಕೆಟ್ಟ ದಾರಿ ಬಿಟ್ಟವನನ್ನು ಜನ ನಂಬುವುದು ಯಾವಾಗ?"

ಹೀಗೆ ಕೇಳಿದವನು ಅಡವೀಶನೆಂಬ ಶಿಷ್ಯ. ಹಿಂದೆ ಇಸ್ಪೀಟಾಡಿ ಮನೆಮಠ ಕಳೆದುಕೊಂಡವನು. ಆಟ ಬಿಟ್ಟು ಗುರುಗಳ ಮಠ ಸೇರಿ ವರ್ಷಗಳೇ ಆಗಿದ್ದವು. ಆದರೂ ಆ ದಿನ ಬೆಳಿಗ್ಗೆ ಮಠದವರು ಉಗ್ರಾಣದ ಬೀಗದ ಕೈಯನ್ನು ಅವನಿಂದ ತೆಗೆದು ನಿನ್ನೆ ಮೊನ್ನೆ ಬಂದವನೊಬ್ಬನಿಗೆ ಕೊಟ್ಟಿದ್ದರು. ಯಾರೂ ಕಾರಣ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಹೇಳದೆ ಇದ್ದದ್ದಕ್ಕೆ ಅವನಿಗೆ ಅಳು ಬಂದಿತ್ತು.

ಗುರುಗಳು ಅವನ ಮುಖ ನೋಡಿದರು. ಉಗ್ರಾಣದ ಮಾತೆತ್ತಲಿಲ್ಲ. "ಕೂತುಕೋ" ಎಂದು ಕತೆ ಶುರು ಮಾಡಿದರು.

ಒಂದು ಊರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಒಬ್ಬ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ. ಪಂಕ್ಚರ್ ಬರೀ ನೆಪ. ಅವನು ಮಾರುತ್ತಿದ್ದದ್ದು ನಶೆಯ ಪುಡಿ. ಕೊಳ್ಳುವವರು ಗಾಡಿಯಿಲ್ಲದೆ ನಡೆದೇ ಬಂದು, "ಗಾಳಿ ಐತೇನು?" ಎಂದು ಕೇಳುತ್ತಿದ್ದರು. ಇದ್ದರೆ ಹಳೆಯ ಟಾಯರಿನೊಳಗಿಂದ ಪೊಟ್ಟಣ ತೆಗೆದು ಕೊಡುತ್ತಿದ್ದ. ಇಲ್ಲದಿದ್ದರೆ "ನಾಳೆ ಬಾ" ಎನ್ನುತ್ತಿದ್ದ. ಅವನು ಎಂದೂ "ಇಲ್ಲ" ಎಂದವನಲ್ಲ. ಇಲ್ಲ ಎಂದರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ, ನಾಳೆ ಬಾ ಎಂದರೆ ನಾಳೆ ಬರುತ್ತಾನೆ. ವ್ಯಾಪಾರದ ಈ ಗುಟ್ಟು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನ ಸರಕು ತಪ್ಪದೆ ಬರುತ್ತಲೂ ಇತ್ತು. ಮಾತಿಗೆ ತಪ್ಪದ ಮನುಷ್ಯ, ಮಾರುವುದು ಮಾತ್ರ ವಿಷ.

ಒಂದು ದಿನ ಅವನ ಅಂಗಡಿಗೆ ಹಿಟ್ಟಿನ ಗಿರಣಿಯಲ್ಲಿ ದುಡಿಯುವ ಹೆಂಗಸೊಬ್ಬಳು ಬಂದಳು. ಅವಳ ಮಗ ದಿನವೂ ಇಲ್ಲಿಗೆ ಬರುವವನು. ಯಾಕೆ ಬರುತ್ತಾನೆಂದು ಅವಳಿಗೆ ತಿಳಿಯದು. ದಿನಾ ಹೋಗುತ್ತಾನೆಂದರೆ ಅಂಗಡಿಯವನು ಮಗನಿಗೆ ಬೇಕಾದವನೇ ಇರಬೇಕು ಎಂದುಕೊಂಡಿದ್ದಳು.

"ತಮ್ಮಾ, ನನ್ನ ಮಗಗ ಏನೋ ಚಟ ಹತ್ತೈತಿ. ಮನ್ಯಾಗ ಯಾರ ಮಾತೂ ಕೇಳೂದಿಲ್ಲ. ನಿನ್ನ ಹತ್ರ ಮಾತ್ರ ದಿನಾ ಬರ್ತಾನ. ನೀ ಹೇಳಿದ್ರ ಕೇಳ್ತಾನ. ಒಂದೀಟು ಬುದ್ಧಿ ಹೇಳಪಾ" ಎಂದು ಅವನಿಗೆ ಕೈಮುಗಿದಳು.

"ಹೇಳ್ತೀನವ್ವಾ" ಎಂದ.

ಅವಳು ಹೋದ ಮೇಲೆ ಅವನಿಗೆ ಕೆಲಸ ಸಾಗಲಿಲ್ಲ. ಜೀವನದಲ್ಲಿ ಅವನನ್ನು ಹೊಡೆದವರಿದ್ದರು, ಬೈದವರಿದ್ದರು. ಅದನ್ನೆಲ್ಲ ದಕ್ಕಿಸಿಕೊಂಡಿದ್ದ. ಆದರೆ ಈ ಕೈಮುಗಿದದ್ದು ಮಾತ್ರ ದಕ್ಕಲಿಲ್ಲ. ನಾಚಿಕೆಯಿಂದ ಅವನು ಸಣ್ಣವನಾಗಿ ಹೋದ. ಇದ್ದಬದ್ದ ಪೊಟ್ಟಣಗಳನ್ನೆಲ್ಲ ಒಡೆದು ಚರಂಡಿಗೆ ಸುರಿದ. ಮರುದಿನ ಬಂದ ಹುಡುಗರಿಗೆಲ್ಲ ಮುಖಕ್ಕೆ ಮುಖ ಕೊಟ್ಟು ಹೇಳಿದ: "ಇಲ್ಲ. ಇನ್ನ ಮ್ಯಾಲೆ ಇಲ್ಲ. ಬಿಟ್ಟೀನಿ."

ಬಿಟ್ಟವರ ಕತೆಯನ್ನು ಜನ ಇಲ್ಲಿಗೇ ಮುಗಿಸುತ್ತಾರೆ. ಅವನೂ ಮುಗಿಯಿತೆಂದೇ ಎಣಿಸಿದ್ದ. ಆದರೆ ಹುಡುಗರು ವಾದ ಮಾಡಲಿಲ್ಲ, ಗೋಗರೆಯಲಿಲ್ಲ. ಸುಮ್ಮನೆ ರಸ್ತೆ ದಾಟಿ ಪಟ್ಟಣಕ್ಕೆ ಹೋಗುವ ಬಸ್ಸು ಹತ್ತಿದರು. ಅಲ್ಲಿ ಓಣಿಗೊಬ್ಬ ಮಾರುವವನಿದ್ದ. ಬಸ್ಸಿನ ಬಾಗಿಲಿಗೆ ಜೋತುಬಿದ್ದವರಲ್ಲಿ ಗಿರಣಿಯ ಹೆಂಗಸಿನ ಮಗನೂ ಇದ್ದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅಂಗಡಿಯವನು ನೋಡುತ್ತ ನಿಂತ. ತಾನೊಬ್ಬ ಕೈ ತೊಳೆದುಕೊಂಡದ್ದು ಬಿಟ್ಟರೆ ಬೇರೇನೂ ಆಗಿಲ್ಲವೆಂದು ಅವನಿಗೆ ಆಗ ಹೊಳೆಯಿತು. ಆ ತಾಯಿಗೆ ಕೊಟ್ಟ ಮಾತು ಅಲ್ಲೇ ಬಿದ್ದಿತ್ತು.

ಎರಡು ದಿನ ಬಿಟ್ಟು ಆ ಮಗ ಮತ್ತೆ ಬಂದ. ಮೈ ನಡುಗುತ್ತಿತ್ತು, ಬಸ್ ಹತ್ತಲೂ ತ್ರಾಣವಿರಲಿಲ್ಲ. "ಅಣ್ಣಾ, ಖರೇನ ಬಿಟ್ಟಿಯೋ, ಚೇಷ್ಟಿ ಮಾಡಿದ್ಯೋ? ಗಾಳಿ ಐತೇನು?" ಎಂದು ಕೇಳಿದ.

ಅಂಗಡಿಯವನು ಇಲ್ಲ ಎನ್ನಬೇಕೆಂದೇ ಬಾಯಿ ತೆರೆದ. ಅಷ್ಟು ವರ್ಷದ ರೂಢಿ ನೋಡಿ, ಬಾಯಿಂದ ಬಂದದ್ದು "ನಾಳೆ ಬಾ".

ಹುಡುಗ ರಸ್ತೆಯ ಕಡೆ ನೋಡಲಿಲ್ಲ. "ನಾಳೆ ಬರ್ತೈತೇನು?" ಎಂದು ಕೇಳಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ. ಅಂಗಡಿಯವನು ಚಹಾ ತರಿಸಿ ಕೊಟ್ಟ, ಹುಡುಗ ಕುಡಿದ. ಕೊನೆಯ ಬಸ್ಸು ಬಂತು, ಹೋಯಿತು. ಹುಡುಗ ಏಳಲಿಲ್ಲ. ಈ ಮನುಷ್ಯ ನಾಳೆ ಎಂದರೆ ನಾಳೆಯೇ ಎಂದು ಅವನು ನಂಬಿದ್ದ.

ಸರಕೆಲ್ಲ ಚರಂಡಿ ಸೇರಿದರೂ ತನ್ನ ಮಾತಿನ ಮೇಲಿನ ನಂಬಿಕೆ ಇನ್ನೂ ಉಳಿದಿದೆಯೆಂದು ಅಂಗಡಿಯವನಿಗೆ ಆಗ ಗೊತ್ತಾಯಿತು.

ಮರುದಿನದಿಂದ ಅವನು ತಾನು ಮಾರುವುದು ಬಿಟ್ಟ ಸುದ್ದಿಯನ್ನು ತಾನೇ ಅಳಿಸಲು ಹೊರಟ. ಪೊಲೀಸರ ಕಣ್ಣು ಬಿದ್ದಿತ್ತು, ಅದಕ್ಕೇ ಹಾಗಂದಿದ್ದೆ ಎಂದು ಸುದ್ದಿ ಬಿಟ್ಟ. ಹುಡುಗರು ಒಬ್ಬೊಬ್ಬರಾಗಿ ತಿರುಗಿ ಬಂದರು. ಬಂದವರಿಗೆಲ್ಲ ಅದೇ ಮಾತು, ನಾಳೆ ಬಾ. ಎಷ್ಟು ದಿನ ಹಾಗೆ ನಡೆದೀತು? ಅವನು ಬರೀ ಮಾತಿನಲ್ಲೇ ಸರಕು ತರುವವನಿಗೆ ಜ್ವರ ಬರಿಸಿದ. ಜ್ವರ ಬಿಡಿಸಿ ಅವನ ತಂಗಿಗೆ ಮದುವೆ ಮಾಡಿಸಿದ. ಮದುವೆ ಮುಗಿಸಿ ಬರುವ ದಾರಿಯಲ್ಲಿ ಹಳ್ಳಕ್ಕೆ ಮಹಾಪೂರ ತರಿಸಿದ. ಬೇಸಿಗೆಯಲ್ಲಿ ಎಂಥ ಪೂರವೋ, ಅಂಥ ನಡುಕದಲ್ಲಿ ಯಾರು ಕೇಳುತ್ತಾರೆ! ಅಷ್ಟರಲ್ಲಿ ಹುಡುಗರ ಕೈಗೆ ಟ್ಯೂಬು ಕೊಟ್ಟು ನೀರಲ್ಲಿ ಅದ್ದಿಸಿದ, ತೂತು ಹುಡುಕಿಸಿದ. ನಡುಕ ಮಿತಿಮೀರಿದವರನ್ನು ತಾನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಕರೆದೊಯ್ದ. ಕೆಲವರು ಅವನನ್ನು ಬೈದು, ಟಾಯರು ಒದ್ದು, ಬಸ್ಸು ಹತ್ತಿ ಹೋಗಿಬಿಟ್ಟರು. ಅವರಲ್ಲಿ ಎಲ್ಲರೂ ತಿರುಗಿ ಬರಲಿಲ್ಲ. ಉಳಿದವರು ಒಂದೊಂದೇ ನಾಳೆ ದಾಟಿದರು. ದಾಟಿ ಮೈ ಸುಧಾರಿಸಿದ ಮೇಲೆ ಅವರಿಗೆ ಅವನ ಆಟ ತಿಳಿಯಿತು. ತಿಳಿದವರು ನಕ್ಕರು, ಅತ್ತರು, ಹೊಸಬರ ಪಕ್ಕದಲ್ಲಿ ಕೂತು, "ನಾಳೆ ಬರ್ತದಂತ, ಕೂಡು" ಎನ್ನತೊಡಗಿದರು. ಗಿರಣಿಯ ಹೆಂಗಸಿನ ಮಗ ಇವರಲ್ಲಿ ಮೊದಲಿಗ.

ಊರು ಇದನ್ನೆಲ್ಲ ಏನು ಬಲ್ಲದು? ಊರಿಗೆ ಕಂಡದ್ದು ಅದೇ ಅಂಗಡಿ, ಅದೇ ಬೆಂಚು, ಬೆಂಚಿನ ಮೇಲೆ ನಡುಗುವ ಹುಡುಗರು. ಹಿರಿಯರು ಅವನನ್ನು ಕಂಡರೆ ಉಗುಳಿ ಹೋಗುತ್ತಿದ್ದರು. ಪೊಲೀಸರು ಬಂದು ಅಂಗಡಿಯನ್ನೆಲ್ಲ ಜಾಲಾಡಿದರೂ ಏನೂ ಸಿಗಲಿಲ್ಲ. "ಭಾರಿ ಕಿಲಾಡಿ, ಎಲ್ಲಿ ಅಡಗಿಸ್ತಾನೋ" ಎಂದರು ಜನ. ಅವನ ಕೆಟ್ಟ ಹೆಸರು ಇನ್ನೂ ದೊಡ್ಡದಾಯಿತು.

ಕೊನೆಗೆ ಅವನು ಏನು ಮಾರುತ್ತಾನೆಂಬ ಮಾತು ಗಿರಣಿಗೂ ಮುಟ್ಟಿತು. ಆ ತಾಯಿ ಕೈಯ ಹಿಟ್ಟನ್ನೂ ಒರೆಸದೆ ಓಡಿ ಬಂದಳು. ನಡುಬೀದಿಯಲ್ಲಿ ನಿಂತು ಕಿರುಚಿದಳು: "ನಿನಗ ಕೈ ಮುಗದಿದ್ನೆಲ್ಲೋ, ಪಾಪಿ! ನನ್ನ ಕೂಸಿಗೆ ವಿಷ ಹಾಕಿದವ ನೀನಽ ಏನು! ನಿನ್ನ ಬಾಯಾಗ ಮಣ್ಣ ಬೀಳ್ಲಿ!"

ಅಂಗಡಿಯೊಳಗಿದ್ದ ಮಗ "ಅವ್ವಾ" ಎಂದು ಏಳಹೋದ. ಅಂಗಡಿಯವನು ಅವನ ಹೆಗಲು ಒತ್ತಿ ಕೂರಿಸಿದ. ಯಾಕೆಂದರೆ ಬೆಂಚಿನ ತುದಿಯಲ್ಲಿ ಅಂದೇ ಬಂದ ಹೊಸ ಹುಡುಗನೊಬ್ಬ ಕೂತಿದ್ದ. ಅವನ ಕಿವಿಯೆಲ್ಲ ಇಲ್ಲೇ ಇತ್ತು, ಬಸ್ಸು ಇನ್ನೂ ಹೊರಟಿರಲಿಲ್ಲ. ಇಡೀ ಊರು ಏನಾದರೂ ಅಂದುಕೊಳ್ಳಲಿ, ಈ ಒಬ್ಬಳಿಗೆ ಮಾತ್ರ ನಿಜ ತಿಳಿಯಲಿ ಎಂದು ಅಂಗಡಿಯವನ ಜೀವ ಬಡಿದುಕೊಳ್ಳುತ್ತಿತ್ತು. ನಿಮಗೆ ಕೊಟ್ಟ ಮಾತನ್ನೇ ನಡೆಸುತ್ತಿದ್ದೇನೆ ತಾಯಿ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ತಲೆ ತಗ್ಗಿಸಿ ಟ್ಯೂಬಿಗೆ ಗಾಳಿ ಹಾಕುತ್ತ, ಕಣ್ಣೀರು ಸುರಿಸುತ್ತ ಬೈಸಿಕೊಂಡ. ಹೊಸ ಹುಡುಗ ಅದನ್ನೆಲ್ಲ ನೋಡಿ, ಇಷ್ಟು ಬೈಸಿಕೊಳ್ಳುವವನ ಹತ್ತಿರ ಸರಕು ಇದ್ದೇ ಇರಬೇಕೆಂದು ಕಾಲು ಚಾಚಿ ಕೂತ. ಬಸ್ಸು ಹೋಯಿತು.

ಮಾರನೆಯ ದಿನ ಆ ತಾಯಿ ಮತ್ತೆ ಬಂದಳು. ದೂರದಿಂದಲೇ ಬೈಗುಳ ಶುರು ಮಾಡಿದ್ದಳು, ನಿನ್ನೆಗಿಂತ ಜೋರು. ಬೈಯುತ್ತ ಬೈಯುತ್ತ ಅಂಗಡಿಯೊಳಗೇ ನುಗ್ಗಿ, ಸೆರಗಿನೊಳಗಿಂದ ಒಂದು ಬುತ್ತಿ ತೆಗೆದು ಅವನ ಮುಂದಿಟ್ಟಳು. ಅವನಿಗಷ್ಟೇ ಕೇಳುವಂತೆ ಹೇಳಿದಳು: "ಮಗ ಎಲ್ಲಾ ಹೇಳ್ಯಾನ. ರೊಟ್ಟಿ ಬಿಸಿ ಅದಾವು, ಉಣ್ಣು."

ಅವನ ಕೈ ಬುತ್ತಿಯ ಮೇಲೆ ಹಾಗೇ ನಿಂತಿತು. ಅವಳಾಗಲೇ ಬೀದಿಗಿಳಿದು, "ನಿನ್ನ ಅಂಗಡಿಗೆ ಬೆಂಕಿ ಹತ್ಲಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತ ಹೊರಟಿದ್ದಳು.

ಆಮೇಲೆ ಅವಳು ಬಿಡುವಾದಾಗಲೆಲ್ಲ ಬಂದು ಬೈದು ಹೋಗುತ್ತಿದ್ದಳು. ಆ ಬೈಗುಳ ಕೇಳಿಯೇ ಎಷ್ಟೋ ಹುಡುಗರಿಗೆ ಅಂಗಡಿಯ ಗುರುತು ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು. ಅಡವೀಶ ನಗುತ್ತಿದ್ದ, ಕಣ್ಣು ಮಾತ್ರ ಒದ್ದೆಯಾಗಿತ್ತು. ಆದರೂ ಅವನ ಪ್ರಶ್ನೆ ಅವನನ್ನು ಬಿಡಲೊಲ್ಲದು.

"ಅದೆಲ್ಲ ಸರಿ ಗುರುಗಳೇ. ಆ ಊರು ಕೊನೆಗಾದರೂ ಅವನನ್ನು ನಂಬಿತೋ ಇಲ್ಲವೋ?"

"ಊರು ನಂಬಿದ್ದರೆ ಆ ಹುಡುಗರು ಬದುಕುತ್ತಿರಲಿಲ್ಲ, ಅಡವೀಶ."