ಅಜ್ಜಿಯ ಹೆಸರು ಹೊತ್ತ ಸಕ್ಕರೆ ಬುರುಡೆ

ಮೆಕ್ಸಿಕೋದ ಒಂದು ಹಳ್ಳಿಯಲ್ಲಿ, ಸತ್ತವರು ಮನೆಗೆ ಊಟಕ್ಕೆ ಬರುವ ಹಬ್ಬದ ಕಡೆಯ ದಿನ. ಹಿರಿಯರ ಫೋಟೋಗಳ ಮುಂದೆ ಚೆಂಡುಹೂವು ಚೆಲ್ಲಿ, ಸಕ್ಕರೆ ಅಚ್ಚಿನ ಒಂದು ತಲೆಬುರುಡೆಯನ್ನು ಎಡೆ ಇಟ್ಟಿದ್ದರು. ಅದರ ಹಣೆಯ ಮೇಲೆ ಮನೆಯೊಡತಿ ಎವುಲಾಲಿಯಾ ಅಜ್ಜಿಯ ಹೆಸರಿತ್ತು. ಬದುಕಿರುವವರ ಹೆಸರು ಬರೆಸಿ ಅವರಿಗೇ ತಿನ್ನಲು ಕೊಡುವುದು ಅಲ್ಲಿನ ಪದ್ಧತಿ. ಬುರುಡೆಗೆ ಮಾತ್ರ ಅದು ತಿಳಿದಿರಲಿಲ್ಲ.

ಎಡೆಯ ಹತ್ತಿರ ಬಂದ ಇರುವೆಯನ್ನು ಅದು ಗದರಿಸಿತು: "ದೂರ ನಿಲ್ಲು! ನಾನು ಸಾವು. ಈ ಮನೆಯಲ್ಲಿ ಮುಂದಿನ ಸರದಿ ಯಾರದೆಂದು ನನ್ನ ಹಣೆ ನೋಡಿ ತಿಳಿದುಕೋ."

"ಅಡ್ಡಬಿದ್ದೆ, ಸಾವುರಾಯರೇ," ಎಂದಿತು ಇರುವೆ. "ಆದರೆ ತಮ್ಮ ದವಡೆ ಘಮಘಮ ಅನ್ನುತ್ತಿದೆಯಲ್ಲ?"

"ಅದು ನನ್ನ ಗಾಂಭೀರ್ಯದ ವಾಸನೆ! ಅಗೋ, ಮುದುಕಿ ಬಂದಳು. ಹೆಸರು ಓದಿದೊಡನೆ ಎದೆ ಒಡೆದು ಬೀಳುತ್ತಾಳೆ, ನೋಡುತ್ತಿರು."

ಅಜ್ಜಿ ಕನ್ನಡಕ ಏರಿಸಿ ಹೆಸರು ಓದಿದರು. ಆಮೇಲೆ ತೀರಿಹೋದ ಗಂಡನ ಫೋಟೋದ ಕಡೆ ತಿರುಗಿ, "ಊಟ ಆಯ್ತೇನ್ರೀ? ಈ ವರ್ಷವೂ ನೀವೇ ಬರಬೇಕಾಯ್ತು, ನನಗೆ ಬರೋಕಾಗ್ಲಿಲ್ಲ," ಎಂದು ನಕ್ಕರು.

ಬಾಯಲ್ಲಿ ಹಲ್ಲಿರಲಿಲ್ಲ. ಆದ್ದರಿಂದ ಬುರುಡೆಯನ್ನು ಎತ್ತಿ, ಬಿಸಿ ಚಾಕಲೇಟ್ ಹಾಲಿನ ಲೋಟದಲ್ಲಿ ಅದ್ದಿದರು.

"ಬಿಡು ನನ್ನ! ನಾನು ಸಾವು!" ಎಂದು ಅರಚಿದ ಬುರುಡೆ, ಗದ್ದದಿಂದ ಕರಗತೊಡಗಿತು.

ಇರುವೆ ಕೆಳಗಿನಿಂದ ಕೂಗಿತು: "ಅಜ್ಜೀ, ಒಬ್ಬರೇ ಮುಗಿಸಬೇಡಿ! ಆ ಸಾವಿನಲ್ಲಿ ನನಗೂ ಒಂದು ಚೂರು ಉದುರಿಸಿ!"