ಕಂಪನಿಯ ಕೊಸರು

ಏಳು ದೇಶಗಳಲ್ಲಿ ಅಂಗಡಿಯಿದ್ದ ಕಂಪನಿ ಮಂಡ್ಯಕ್ಕೂ ಬಂತು. ಬಾಗಿಲ ಬಳಿ ಸೊಪ್ಪು ಮಾರುತ್ತಿದ್ದ ಚಿಕ್ಕತಾಯಮ್ಮನಿಗೆ ಮ್ಯಾನೇಜರು ಹೇಳಿದರು: "ಜಾಗ ಖಾಲಿ ಮಾಡಮ್ಮ. ಪ್ರಪಂಚದಲ್ಲಿರೋದೆಲ್ಲ ನಮ್ಮಲ್ಲೇ ಸಿಗುತ್ತೆ."

ಆಕೆ ಬೆರಗಾಗಿ ಒಳಗೆ ಹೋದಳು. ಗುಡ್ಡದಂತೆ ಪೇರಿಸಿದ್ದ ತರಕಾರಿ ಕಂಡು ಕೈಮುಗಿದಳು. ಹುರುಳಿಕಾಯಿ ಕೊಂಡು, "ಕೊಸರು ಹಾಕಿ ಸ್ವಾಮಿ, ಎರಡೆಸಳು ಕರಿಬೇವು," ಎಂದು ಸೆರಗೊಡ್ಡಿದಳು.

"ಪುಕ್ಕಟೆ ಕೊಡೋಕೆ ನನಗೆ ಅಧಿಕಾರವಿಲ್ಲ. ಮುಂಬೈಯನ್ನು ಕೇಳಬೇಕು. ಅವರು ಲಂಡನ್ನನ್ನು ಕೇಳಬೇಕು," ಎಂದರು ಮ್ಯಾನೇಜರು.

"ಅಬ್ಬಬ್ಬಾ! ಎರಡೆಸಳಿಗೆ ಸಮುದ್ರ ದಾಟಬೇಕಾ? ಎಂಥಾ ದೊಡ್ಡ ಕಂಪನಿ!"

ಹಿಂದೆ ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಆಗ ನೆನಪಾಯಿತು. "ಹೌದಲ್ವಾ, ನಮ್ಮ ಕೊಸರೆಲ್ಲಿ?" ಎಂದು ಚೀಲ ಕೆಳಗಿಟ್ಟು ನಿಂತರು.

ಮ್ಯಾನೇಜರು ಬೆವರೊರೆಸಿಕೊಂಡರು. "ತಾಯಿ, ಲಂಡನ್ನಿಂದ ಉತ್ತರ ಬರೋ ತನಕ ನೀವು ಬಾಗಿಲಲ್ಲೇ ಕೂತ್ಕೊಳ್ಳಿ. ಇವರಿಗೆಲ್ಲ ಕೊಸರು ನೀವೇ ಕೊಡಿ. ದುಡ್ಡು ನನ್ನ ಜೇಬಿಂದ."

ಚಿಕ್ಕತಾಯಮ್ಮ ಈಗಲೂ ಅಲ್ಲೇ ಕೂತು ಕಾಯುತ್ತಿದ್ದಾಳೆ. ಆಕೆಗೇನೂ ಅವಸರವಿಲ್ಲ.