ಒಂದೂ ಕಳೆಯದ ನಳಿಕೆಗಳು

"ಬುದ್ಧಿ, ಸಣ್ಣ ವಸ್ತುಗಳನ್ನು ಕಳೆದುಹೋಗದ ಹಾಗೆ ಇಟ್ಟುಕೊಳ್ಳುವುದು ಹೇಗೆ?" ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಮಠದ ಟ್ರ್ಯಾಕ್ಟರು, ಜೀಪು, ಪಂಪುಗಳನ್ನು ರಿಪೇರಿ ಮಾಡುವ ಶೆಡ್ಡು ಈ ಶಿಷ್ಯನ ವಶದಲ್ಲಿತ್ತು. ಅಲ್ಲಿ ತುಕ್ಕು ಬಿಡಿಸುವ, ಜಿಡ್ಡು ತೊಳೆಯುವ ಸ್ಪ್ರೇ ಡಬ್ಬಿಗಳು ಹತ್ತಾರು ಇದ್ದವು. ಡಬ್ಬಿಯ ಮೂತಿಗೆ ಸಿಕ್ಕಿಸುವ ಕಡ್ಡಿಯಂಥ ಕೆಂಪು ನಳಿಕೆ, ಒತ್ತುವ ಗುಂಡಿ, ಮುಚ್ಚಳ, ಇವೆಲ್ಲ ಅಲ್ಲಿ ಕೆಲಸ ಮಾಡುವವರ ಕೈಯಲ್ಲಿ ವಾರದೊಳಗೆ ಮಾಯವಾಗುತ್ತಿದ್ದವು. ಬೇಸತ್ತ ಚೆನ್ನವೀರ ಮೂರು ವಾರದಿಂದ ಎಲ್ಲವನ್ನೂ ತನ್ನ ಜೋಳಿಗೆಯಲ್ಲೇ ಇಟ್ಟುಕೊಂಡಿದ್ದ. ಈಗ ಅವಕ್ಕೊಂದು ಬೀಗದ ಪೆಟ್ಟಿಗೆ ಮಾಡಿಸಲು ಅಪ್ಪಣೆ ಕೇಳುವುದಕ್ಕೆ ಬಂದಿದ್ದ.

ಗುರುಗಳು ಮುಂಗೋಪಿ. ಪೂರ್ವಾಶ್ರಮದಲ್ಲಿ ಅವರೂ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು. ಬೀಗವನ್ನೂ ಕೊಂಡುಕೊಂಡೇ ಬಂದಿದ್ದೀಯೋ ಹೇಗೆ ಎಂದು ಛೇಡಿಸಿದರು. ಆಮೇಲೆ ಕೂರಲು ಹೇಳಿ ಕತೆ ಶುರು ಮಾಡಿದರು.

ಒಂದೂರಲ್ಲಿ ಅಣ್ಣ ತಮ್ಮ ಇಬ್ಬರೂ ಸೇರಿ ಬೈಕು ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿ, ಕೆಲಸ ಕಲಿಸಿದವನು ಅಣ್ಣನೇ. ಕಲಿತ ಮೇಲೆ ತಮ್ಮನ ಕೈ ಅಣ್ಣನದಕ್ಕಿಂತ ಚುರುಕಾಯಿತು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಿಬಿಡುತ್ತಿದ್ದ. ಆದರೆ ಮಹಾ ಮರೆಗುಳಿ. ನಳಿಕೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಲಸ ಮಾಡುವವನು, ಯಾರಾದರೂ ಕರೆದರೆ ಎಲ್ಲೋ ಇಟ್ಟು ಹೋಗಿಬಿಡುವವನು. ಸಂಜೆ ಕಸ ಗುಡಿಸುವಾಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಇದೇನು ಮಹಾಪಾಪವಲ್ಲ ಮರಿ. ಗ್ಯಾರೇಜು ಎಂದ ಮೇಲೆ ಇದ್ದದ್ದೇ. ಅಣ್ಣ ಕಡ್ಡಿಯನ್ನು ಗುಡ್ಡ ಮಾಡಿದ. ಒಂದು ದಿನ ಯಾವ ಡಬ್ಬಿಗೂ ನಳಿಕೆಯಿಲ್ಲದೆ ಕೆಲಸ ನಿಂತಾಗ ಗಿರಾಕಿಗಳ ಎದುರೇ ತಮ್ಮನನ್ನು ಬಾಯಿಗೆ ಬಂದಂತೆ ಬೈದ. ಮರುದಿನ ಹೊಸ ನಳಿಕೆಗಳನ್ನು ತಂದು, ಊದುಬತ್ತಿಯ ಉದ್ದ ಡಬ್ಬಿಯಲ್ಲಿ ತುಂಬಿ, ತಾನು ಕೂರುವ ಸ್ಟೂಲಿನ ಕೆಳಗೆ ಇಟ್ಟುಕೊಂಡ. ಬೇಕಾದವರು ತನ್ನನ್ನು ಕೇಳಬೇಕು, ಕೆಲಸವಾದ ಮೇಲೆ ಒರೆಸಿ ಕೈಗೇ ತಂದು ಕೊಡಬೇಕು ಎಂದು ಕಟ್ಟಳೆ ಮಾಡಿದ. ಬೇಕಾದವರು ಅಂದರೆ ಇನ್ಯಾರು? ಅಂಗಡಿಯಲ್ಲಿ ಇದ್ದವರೇ ಇಬ್ಬರು.

ತಮ್ಮ ಒಂದು ಉಪಾಯ ಹೇಳಿ ನೋಡಿದ. ಹಳೆಯ ಬೈಕ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಪ್ರತಿ ಡಬ್ಬಿಗೂ ತೊಡಿಸಿದರೆ ನಳಿಕೆಯನ್ನು ಅದರಲ್ಲೇ ಸಿಕ್ಕಿಸಿಡಬಹುದು, ಡಬ್ಬಿ ಇರುವಲ್ಲೇ ನಳಿಕೆಯೂ ಇರುತ್ತದೆ ಎಂದ. ಒಳ್ಳೆಯ ಉಪಾಯ. ನಾನಾಗಿದ್ದರೆ ಒಪ್ಪುತ್ತಿದ್ದೆ. ಅಣ್ಣ ನಕ್ಕುಬಿಟ್ಟ. ತೆಗೆದದ್ದನ್ನು ಮತ್ತೆ ಸಿಕ್ಕಿಸುವಷ್ಟು ಜ್ಞಾನ ನಿನಗಿದ್ದಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದ.

ಅಂದಿನಿಂದ ತಮ್ಮ ಕೇಳಿ ಪಡೆಯತೊಡಗಿದ. ನಲವತ್ತೈದು ದಾಟಿದವನು, ತಲೆ ನರೆತವನು, ಕಡ್ಡಿಯಷ್ಟು ವಸ್ತುವಿಗೆ ಕೈಯೊಡ್ಡಿ ನಿಲ್ಲಬೇಕು. ಅಣ್ಣ ಕೂಡಲೇ ಕೊಡುತ್ತಿರಲಿಲ್ಲ. ಹೋದ ಸಲದ್ದು ಕೊಟ್ಟೆಯಾ ಎನ್ನುತ್ತಿದ್ದ. ಕೊಟ್ಟದ್ದು ಅವನಿಗೂ ಗೊತ್ತು. ಆದರೂ ಡಬ್ಬಿ ತೆರೆದು ಒಂದೊಂದಾಗಿ ಎಣಿಸುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಿರಾಕಿಗಳು ನಗುತ್ತಿದ್ದರು. ತಮ್ಮನೂ ಅವರ ಜೊತೆ ನಗುತ್ತಿದ್ದ. ಅವನು ನಗುವುದನ್ನು ನೋಡಿ ಅಣ್ಣ, ಇವನಿಗೇನೂ ಬೇಸರವಿಲ್ಲ ಎಂದುಕೊಂಡ.

ಒಂದು ದಿನ ತಮ್ಮನ ಬೀಗರು, ಮಗಳನ್ನು ಕೊಟ್ಟ ಮನೆಯವರು, ಅಂಗಡಿಗೆ ಬಂದಿದ್ದರು. ಎಣಿಸುವಾಗ ಒಂದು ನಳಿಕೆ ಕಡಿಮೆ ಬಿತ್ತು. ಅಣ್ಣ ಅವರ ಮುಂದೆಯೇ ಜೇಬು ತೋರಿಸು ಎಂದ. ತಮ್ಮ ಎರಡೂ ಜೇಬಿನ ಒಳಬಟ್ಟೆ ಹೊರಗೆಳೆದು ತೋರಿಸಿದ. ಅಣ್ಣ ಮತ್ತೆ ಎಣಿಸಿದಾಗ ಲೆಕ್ಕ ಸರಿಯಾಗಿಯೇ ಇತ್ತು. ಬೀಗರು ಕಾಫಿ ಕುಡಿದು ಹೊರಟರು. ಆಮೇಲೆ ತಮ್ಮ ಎಂದೂ ನಳಿಕೆ ಕೇಳಲಿಲ್ಲ.

ಅಣ್ಣನಿಗೆ ಬಲು ಸಮಾಧಾನ. ಮೂರು ವರ್ಷವಾಯಿತು, ಒಂದೇ ಒಂದು ಕಳೆದಿಲ್ಲ ನೋಡಿ ಎಂದು ಬಂದವರಿಗೆಲ್ಲ ಡಬ್ಬಿ ತೆರೆದು ತೋರಿಸುತ್ತಿದ್ದ. ತಮ್ಮ ಹೇಗೆ ಕೆಲಸ ಮಾಡುತ್ತಿದ್ದಾನೆ ಎಂದು ತಿರುಗಿ ನೋಡಲಿಲ್ಲ. ನಳಿಕೆಯಿಲ್ಲದೆ ಸ್ಪ್ರೇ ಹೊಡೆದರೆ ಸುತ್ತ ಚದುರುತ್ತದೆ. ಕಾರ್ಬೊರೇಟರಿನ ಸಣ್ಣ ತೂತಿಗೆ ಹೊಡೆಯಬೇಕಾದರೆ ಮುಖವನ್ನು ತೀರಾ ಹತ್ತಿರ ಒಯ್ಯಬೇಕು. ತಮ್ಮ ಹಾಗೇ ಮಾಡುತ್ತಿದ್ದ. ಒಂದು ಮಧ್ಯಾಹ್ನ ಆ ಸ್ಪ್ರೇ ದ್ರವ ಲೋಹಕ್ಕೆ ಬಡಿದು ತಿರುಗಿ ಬಂದು ಅವನ ಬಲಗಣ್ಣಿಗೆ ಬಿತ್ತು.

ನೀರು ಹಾಕಿ ತೊಳೆದರು. ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಹನ್ನೆರಡು ದಿನ ಅಣ್ಣ ಮಂಚದ ಪಕ್ಕದ ನೆಲದಲ್ಲೇ ಇದ್ದ. ಆ ಕಣ್ಣಿನ ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ಅವನು ಸಂಕಟ ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತ.

"ಒಂದು ಮಾತು ಕೇಳಿದ್ದರೆ ಕೊಡುತ್ತಿರಲಿಲ್ಲವೇನೋ? ಎರಡು ಮಾರು ದೂರದಲ್ಲಿ ನಾನೇ ಕೂತಿದ್ದೆನಲ್ಲೋ."

"ನೀನು ಕೂತಿದ್ದೆ ಅಂತಲೇ ಕೇಳಲಿಲ್ಲ ಅಣ್ಣಾ," ಎಂದ ತಮ್ಮ.

ಸಿಟ್ಟಿನಿಂದ ಹೇಳಲಿಲ್ಲ. ಊಟವಾಯಿತೇ ಎಂದರೆ ಆಯಿತು ಎನ್ನುತ್ತೇವಲ್ಲ, ಹಾಗೆ ಹೇಳಿದ.

ಊರಿಗೆ ಬಂದ ದಿನವೇ ಅಣ್ಣ ಹಳೆಯ ಟ್ಯೂಬು ಕತ್ತರಿಸಿ ಎಲ್ಲ ಡಬ್ಬಿಗಳಿಗೂ ತಾನೇ ತೊಡಿಸಿದ. ಪ್ರತಿಯೊಂದಕ್ಕೂ ನಳಿಕೆ ಸಿಕ್ಕಿಸಿದ. ಹತ್ತು ನಿಮಿಷ ಹಿಡಿಯಿತು. ತಮ್ಮ ಮರುವಾರ ಕೆಲಸಕ್ಕೆ ಕೂತಾಗ ನಳಿಕೆ ಮುಟ್ಟದೆ, ಉಳಿದ ಒಂದು ಕಣ್ಣನ್ನೂ ಹತ್ತಿರ ಒಯ್ದು, ಮೊದಲಿನ ಹಾಗೇ ಹೊಡೆಯಹೊರಟ. ಅಣ್ಣ ಓಡಿಬಂದು ಕೈ ಹಿಡಿದ. ತಮ್ಮ ಬೇಕೆಂದು ಮಾಡಿದ್ದಲ್ಲ ಮರಿ. ಅದೇ ಅಭ್ಯಾಸವಾಗಿಹೋಗಿತ್ತು. ಈಗಲೂ ತಮ್ಮ ಡಬ್ಬಿಗೆ ಕೈಹಾಕಿದಾಗಲೆಲ್ಲ ಅಣ್ಣ ತನ್ನ ಕೆಲಸ ಬಿಟ್ಟು ಎದ್ದು ಹೋಗುತ್ತಾನೆ, ನಳಿಕೆ ಸಿಕ್ಕಿಸಿ ಕೊಡುತ್ತಾನೆ. ತಮ್ಮ ತೆಗೆದುಕೊಳ್ಳುತ್ತಾನೆ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಚೆನ್ನವೀರನಿಗೆ ಕತೆ ರುಚಿಸಲಿಲ್ಲ. ಆ ಅಣ್ಣನ ಬಾಯಿ ಕೆಟ್ಟದ್ದು, ತಾನು ಯಾರನ್ನೂ ಬೈಯುವವನಲ್ಲ, ಯಾರು ಬಂದು ಕೇಳಿದರೂ ಜೋಳಿಗೆಯಿಂದ ತಕ್ಷಣ ತೆಗೆದು ಕೊಡುತ್ತೇನೆ ಎಂದು ವಾದಿಸಿದ. ಗುರುಗಳು ಅವನ ಮಾತು ಮುಗಿಯುವ ತನಕ ಕೇಳಿದರು.

"ಸರಿ, ಈ ಮೂರು ವಾರದಲ್ಲಿ ಬಂದು ಕೇಳಿದ ಒಬ್ಬನ ಹೆಸರು ಹೇಳು."

ಚೆನ್ನವೀರ ಹೆಸರು ಎಣಿಸಲು ಬೆರಳು ಮಡಚಹೋದ, ಆದರೆ ಒಬ್ಬರೂ ಬಂದು ಕೇಳಿರಲಿಲ್ಲ.